ಪಹಣಿ ಇಲ್ಲದ ಬೆಟ್ಟಕ್ಕೆ ಸಾಲ ಕೊಡುವುದು ಹೇಗೆ?

ಗ್ರಾಮೀಣ ಬ್ಯಾಂಕೊಂದರಲ್ಲಿ ಫೀಲ್ಡ್ ಆಫೀಸರ್ ಆಗಿ ದುಡಿದು ನಿವೃತ್ತನಾದವನು ನಾನು. ಸೇವೆಯ ಬಹುಪಾಲು ಕಳೆದದ್ದು ಚಾಮರಾಜನಗರ ಜಿಲ್ಲೆಯಲ್ಲಿ. ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರ ಪೋಡುಗಳನ್ನು, ಅಂದರೆ ಹಾಡಿಗಳನ್ನು, ಮಳೆಯಲ್ಲೂ ಬಿಸಿಲಲ್ಲೂ ಸುತ್ತಿದ್ದೇನೆ. ಎಷ್ಟೋ ಸಾಲದ ಅರ್ಜಿಗಳು ಮರೆತುಹೋಗಿವೆ. ಒಂದು ಮಾತ್ರ ಇಂದಿಗೂ ಮನಸ್ಸಿನಿಂದ ಇಳಿದಿಲ್ಲ.

ಹನ್ನೆರಡು ವರ್ಷದ ಹಿಂದಿನ ಆಷಾಢ. ಬೆಳಗಿನ ಬಸ್ಸು ಹಿಡಿದು ಬೆಟ್ಟದಿಂದ ಇಳಿದು ಬಂದಿದ್ದ ಹೆಂಗಸೊಬ್ಬರು ನನ್ನ ಮೇಜಿನ ಮುಂದೆ ನಿಂತಿದ್ದರು. ಸೆರಗಿನೊಳಗೆ ಗೊಬ್ಬರದ ಚೀಲದ ಪ್ಲಾಸ್ಟಿಕ್ಕು. ಅದನ್ನು ಬಿಚ್ಚಿದರೆ ಒಳಗೊಂದು ಕವರು, ಕವರಿನೊಳಗೆ ಅರಣ್ಯ ಹಕ್ಕುಪತ್ರ. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಒಂದೂವರೆ ಎಕರೆ. ರಾಗಿ, ಅವರೆ, ನಡುವೆ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ಕೇಳಿದ್ದು 6,000 ರೂಪಾಯಿ. ಕಳೆ ತೆಗೆಸಬೇಕು, ಗೊಬ್ಬರ ಹಾಕಬೇಕು, ಮನೆಯಲ್ಲಿ ರಾಗಿ ಮುಗಿದಿದೆ.

ನಮ್ಮ ಶಾಖೆಯಲ್ಲಿ ಆಗ ನಡೆಯುತ್ತಿದ್ದ ಮಾತನ್ನೇ ನಾನೂ ಹೇಳಿದೆ: ‘ಇದು ಪಹಣಿಯಲ್ಲ, ಅಡಮಾನಕ್ಕೆ ಬರುವುದಿಲ್ಲ ಕಣಮ್ಮ.’

‘ಸರ್ಕಾರ್ದವ್ರೇ ಕೊಟ್ಟಿರ ಕಾಗ್ದ ಅಲ್ವಾ ಸಾ, ನಿಮ್ ಬ್ಯಾಂಕಿಗ್ ಯಾಕ ಆಗದಿಲ್ಲ?’

ನನ್ನಲ್ಲಿ ಉತ್ತರವಿರಲಿಲ್ಲ. ಅವರು ಕಾಗದವನ್ನು ಮಡಿಕೆ ಕೆಡದಂತೆ ಕವರಿಗೆ ಸೇರಿಸಿ, ಮತ್ತೆ ಪ್ಲಾಸ್ಟಿಕ್ಕು ಸುತ್ತಿಕೊಂಡು ಹೋದರು.

ಮುಂದೇನಾಯಿತೆಂದು ಮರುವರ್ಷ ಅವರ ಪೋಡಿಗೆ ಹೋದಾಗ ತಿಳಿಯಿತು. ಪೇಟೆಯ ವ್ಯಾಪಾರಿಯಿಂದ ಆ 6,000 ರೂಪಾಯಿ ಮುಂಗಡ ತಂದಿದ್ದರು. ಬಡ್ಡಿ ಎಂಬ ಮಾತೇ ಇಲ್ಲ. ಫಸಲು ಬಂದಾಗ ಕೆ.ಜಿ.ಗೆ 200ರ ಲೆಕ್ಕದಲ್ಲಿ 30 ಕೆ.ಜಿ. ಒಣಮೆಣಸು ಅಳೆದುಕೊಡಬೇಕು, ಅಷ್ಟೇ ಕರಾರು. ಕೊಯ್ಲಿನ ಹೊತ್ತಿಗೆ ಪೇಟೆಯ ಧಾರಣೆ ಅದರ ಎರಡರಷ್ಟಿತ್ತು. ಎಂಟು ತಿಂಗಳಿಗೆ 6,000ಕ್ಕೆ ಇನ್ನೊಂದು 6,000 ಹೋಯಿತು. ಅದೇ ಹಣವನ್ನು ನಾವು ಕೃಷಿಸಾಲವಾಗಿ ಕೊಟ್ಟಿದ್ದರೆ 7% ಬಡ್ಡಿ, ಸಕಾಲಕ್ಕೆ ಕಟ್ಟಿದವರಿಗೆ 3% ರಿಯಾಯಿತಿ ಕಳೆದು ಉಳಿಯುವುದು 4%. ಎಂಟು ತಿಂಗಳಿಗೆ 160 ರೂಪಾಯಿ. ಈ 160 ಮತ್ತು 6,000ದ ನಡುವಿನ ಅಂತರವೇ ಬೆಟ್ಟದ ಬಡತನದ ದೊಡ್ಡ ಪಾಲು ಎಂದು ನಾನು ನಂಬಿದ್ದೇನೆ.

ಹಕ್ಕುಪತ್ರ ಅಡಮಾನಕ್ಕೆ ಬರುವುದಿಲ್ಲ ಎಂದದ್ದು ಸುಳ್ಳಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಆ ಭೂಮಿ ಮಕ್ಕಳಿಗೆ ಹೋಗುತ್ತದೆ. ಅದನ್ನು ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ. ಈ ನಿಯಮ ಸರಿಯಾಗಿಯೇ ಇದೆ. ಅದಿಲ್ಲದಿದ್ದರೆ ಮೊದಲ ಬರಗಾಲಕ್ಕೇ ಸೋಲಿಗರ ಜಮೀನು ಬೇರೆಯವರ ಎಸ್ಟೇಟಿಗೆ ಸೇರಿಹೋಗುತ್ತಿತ್ತು. ತಪ್ಪಿರುವುದು ಬ್ಯಾಂಕುಗಳ ರೂಢಿಯಲ್ಲಿ. 2010ರಿಂದಲೇ 1 ಲಕ್ಷದವರೆಗಿನ ಕೃಷಿಸಾಲಕ್ಕೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಬೆಳೆಯೇ ಭದ್ರತೆ, ಅಷ್ಟು ಸಾಕು. ಆ ಮಿತಿ 2019ರಲ್ಲಿ 1.6 ಲಕ್ಷಕ್ಕೆ, 2025ರ ಜನವರಿಯಿಂದ 2 ಲಕ್ಷಕ್ಕೆ ಏರಿದೆ. ಅಂದು 6,000 ಕೇಳಿದವರಿಗೆ ಅಡಮಾನದ ಮಾತೆತ್ತುವ ಅಗತ್ಯವೇ ಇರಲಿಲ್ಲ. ಸುತ್ತೋಲೆ ಕಪಾಟಿನಲ್ಲಿತ್ತು, ನಾನು ಓದಿಯೂ ಇದ್ದೆ. ಆದರೂ ಶಾಖೆಯ ರೂಢಿಯನ್ನು ಮೀರುವ ಧೈರ್ಯ ಮಾಡಲಿಲ್ಲ. ಆ ನೋವು ಇನ್ನೂ ಇದೆ.

ಕಾಗದದ ತೊಡಕು ಬಗೆಹರಿದರೂ ಬೆಟ್ಟದ ಬೇಸಾಯ ನಮ್ಮ ಅರ್ಜಿ ನಮೂನೆಗೆ ಒಗ್ಗುವುದಿಲ್ಲ. ಎಕರೆಗೆ ಇಂತಿಷ್ಟು ಸಾಲ ಎಂದು ಪ್ರತಿ ಜಿಲ್ಲೆಯಲ್ಲೂ ಬೆಳೆವಾರು ನಿಗದಿ ಮಾಡಿರುತ್ತಾರೆ. ಕಬ್ಬಿಗೆ, ಅರಿಸಿನಕ್ಕೆ ಅದು ಸಲೀಸು. ಒಂದೇ ತಾಕಿನಲ್ಲಿ ರಾಗಿ, ಮುಸುಕಿನ ಜೋಳ, ಅವರೆ, ಕುಂಬಳ, ಸಾಸಿವೆ, ಮೇಲೆ ಕಾಫಿ, ಮೆಣಸು ಇದ್ದರೆ ‘ಬೆಳೆಯ ಹೆಸರು’ ಎಂಬ ಜಾಗದಲ್ಲಿ ಏನು ಬರೆಯುವುದು? ಒಂದು ಹೋದರೆ ಇನ್ನೊಂದು ಕೈಹಿಡಿಯಲಿ, ಆನೆ ತುಳಿದದ್ದು ಹೋಗಿ ಉಳಿದದ್ದು ಮನೆಗೆ ಬರಲಿ ಎಂಬುದು ಅವರ ಲೆಕ್ಕ. ಬಡವನ ಬೆಳೆವಿಮೆ ಎಂದರೆ ಅದೇ. ನಮ್ಮ ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ವಾಯಿದೆಯದ್ದು ಇನ್ನೂ ದೊಡ್ಡ ಕಷ್ಟ. ಬೆಳೆಸಾಲವನ್ನು ವರ್ಷದೊಳಗೆ ತೀರಿಸಬೇಕು. ಕಾಫಿ ಗಿಡ ನೆಟ್ಟರೆ ಫಸಲಿಗೆ 3-4 ವರ್ಷ ಕಾಯಬೇಕು. ಮೆಣಸಿನ ಬಳ್ಳಿ ಮೂರನೇ ವರ್ಷ ಅಲ್ಪಸ್ವಲ್ಪ ತೆನೆ ಬಿಟ್ಟರೂ ಮೈತುಂಬ ಬಿಡಲು ಇನ್ನೂ ಮೂರ್ನಾಲ್ಕು ವರ್ಷ ಹಿಡಿಯುತ್ತದೆ. ಅಷ್ಟು ವರ್ಷ ಕಂತು ಕೇಳದೆ ಕಾಯುವ ಅವಧಿ ಸಾಲ ಬೇಕು. ನಿಯಮದಲ್ಲಿ ಅದಕ್ಕೆ ಅವಕಾಶವಿದೆ. ಆದರೆ ಒಂದು ಪೋಡಿನ ಹತ್ತು ಸಣ್ಣ ಸಾಲಕ್ಕೆ ಓಡಾಡುವ ದಿನದಲ್ಲಿ ಕೆಳಗಿನ ಊರಿನಲ್ಲಿ ಒಂದು ಟ್ರ್ಯಾಕ್ಟರ್ ಸಾಲ ಮುಗಿಯುತ್ತದೆ. ಗುರಿ ಮುಟ್ಟಬೇಕಾದ ಶಾಖೆ ಯಾವುದನ್ನು ಆರಿಸಿಕೊಳ್ಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಬೇಸಾಯದ ಜೊತೆಗೆ ಸೋಲಿಗರಿಗೆ ಕಾಡೂ ಆದಾಯದ ಮೂಲ. ಜೇನು, ನೆಲ್ಲಿಕಾಯಿ, ಕಲ್ಲುಹೂವು, ಸೀಗೆ. ಅದನ್ನು ಕೊಳ್ಳಲೆಂದೇ ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘಗಳಿದ್ದವು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾದ ಮೇಲೆ ಅಭಯಾರಣ್ಯದಿಂದ ಸಂಗ್ರಹಿಸಿ ಮಾರುವುದು ನಿಂತಿತು. ಮನೆಗಳಿಗೆ ಬರುತ್ತಿದ್ದ ನಗದು ಕಡಿದುಹೋಯಿತು, ವ್ಯಾಪಾರಿಯ ಮುಂಗಡ ಆ ಜಾಗಕ್ಕೆ ಬಂದು ಕೂತಿತು. 2011ರಲ್ಲಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಹಕ್ಕು ಬಂತು ನಿಜ. ಆದರೆ ಜೇನನ್ನು ಸೋಸಿ, ಡಬ್ಬಿಗೆ ತುಂಬಿ, ಒಳ್ಳೆಯ ಬೆಲೆ ಬರುವ ತನಕ ಇಟ್ಟುಕೊಳ್ಳಲು ದುಡಿಯುವ ಬಂಡವಾಳ ಅದರ ಜೊತೆ ಬರಲಿಲ್ಲ.

ಹಾಗಾದರೆ ದಾರಿ? ನಾನು ಕಣ್ಣಾರೆ ಕಂಡದ್ದು ಸ್ವಸಹಾಯ ಸಂಘ. ಇದರ ಬೇರು ನಮ್ಮ ರಾಜ್ಯದಲ್ಲೇ ಇದೆ. 1987ರಲ್ಲಿ ನಬಾರ್ಡ್ ಬೆಂಗಳೂರಿನ ಮೈರಾಡ ಸಂಸ್ಥೆಗೆ 10 ಲಕ್ಷ ರೂಪಾಯಿ ಕೊಟ್ಟು, ಬಡವರ ಸಣ್ಣ ಗುಂಪುಗಳಿಗೆ ಅವರ ಉಳಿತಾಯಕ್ಕೆ ಜೋಡಿಯಾಗಿ ಹಣ ಸೇರಿಸಿ ನೋಡುವ ಪ್ರಯೋಗಕ್ಕೆ ಕೈಹಾಕಿತು. 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆಯಾಗಿ ಅದು ದೇಶಕ್ಕೆ ಹಬ್ಬಿತು.

ಹಕ್ಕುಪತ್ರ ತಂದಿದ್ದ ಆ ತಾಯಿಯ ಪೋಡಿನಲ್ಲೂ ಅಂಥದೊಂದು ಸಂಘವಿತ್ತು. ಅದರ ಸಭೆಯಲ್ಲಿ ಎಷ್ಟೋ ಸಂಜೆ ಕೂತಿದ್ದೇನೆ. ಜಗುಲಿಯ ಮೇಲೆ ತಗಡಿನ ಪೆಟ್ಟಿಗೆ, ಅದಕ್ಕೆ ಎರಡು ಬೀಗ. ಒಂದರ ಕೀಲಿ ಅಧ್ಯಕ್ಷೆಯ ತಾಳಿಯ ದಾರದಲ್ಲಿ, ಇನ್ನೊಂದು ಪೋಡಿನ ಆ ತುದಿಯ ಮನೆಯಲ್ಲಿ. ಇಬ್ಬರೂ ಬಂದರಷ್ಟೇ ಪೆಟ್ಟಿಗೆ ತೆಗೆಯುವುದು. ವಾರಕ್ಕೆ ಇಪ್ಪತ್ತು ರೂಪಾಯಿ ಉಳಿತಾಯ. ಎಸ್ಸೆಸ್ಸೆಲ್ಸಿ ಓದಿದ ಹುಡುಗಿ ನಡಾವಳಿ ಬರೆದು ಗಟ್ಟಿಯಾಗಿ ಓದುತ್ತಾಳೆ, ಓದಲು ಬಾರದವರು ಬಾಯಲ್ಲೇ ಲೆಕ್ಕ ಸರಿನೋಡುತ್ತಾರೆ. ಯಾರಿಗೆ ಮೊದಲು ಸಾಲ ಎಂಬುದೂ ಅಲ್ಲೇ ತೀರ್ಮಾನ. ಹೆರಿಗೆ ಹತ್ತಿರವಿರುವವಳ ಮನೆಗೆ ಮೊದಲು, ಸ್ಕೂಟರ್ ಕಂತಿಗೆ ಕೇಳಿದವರಿಗೆ ಆಮೇಲೆ. ಯಾರ ತೋಟಕ್ಕೆ ಆನೆ ನುಗ್ಗಿತು, ಯಾರು ಸುಮ್ಮನೆ ತಪ್ಪಿಸಿಕೊಳ್ಳುತ್ತಿದ್ದಾರೆ ಎಂಬುದು ಅವರಿಗೆ ಗೊತ್ತು. ಶಾಖೆಯಲ್ಲಿ ಕೂತ ನನಗೆ ಅದು ಗೊತ್ತಾಗುವಂತಿರಲಿಲ್ಲ. ಆ ಸಂಘಕ್ಕೆ ನಾವು ಕೊಟ್ಟ ಸಾಲ ಒಮ್ಮೆಯೂ ಸುಸ್ತಿಯಾಗಲಿಲ್ಲ. ಎರಡನೆಯ ಸುತ್ತಿನಲ್ಲಿ, ಹಕ್ಕುಪತ್ರ ಹಿಡಿದು ಬಂದಿದ್ದ ಅದೇ ತಾಯಿ ಸಂಘದಿಂದ 8,000 ಪಡೆದರು. ಆ ವರ್ಷ ಅವರ ಮೆಣಸು ಅವರದೇ ಚೀಲದಲ್ಲಿ ಪೇಟೆಗೆ ಇಳಿಯಿತು.

ಗುಂಪಿಗೆ ಸಾಲ ಕೊಡುತ್ತೇವೆಂದು ಬರುವವರೆಲ್ಲ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ವಾರವಾರ ಕಂತು ವಸೂಲಿ ಮಾಡುವ ಖಾಸಗಿ ಕಿರುಸಾಲ ಕಂಪನಿಗಳು ನಮ್ಮ ಜಿಲ್ಲೆಯಲ್ಲಿ ಮನೆಮನೆಗೆ ಹೊಕ್ಕವು. ವರ್ಷಕ್ಕೊಮ್ಮೆ ಫಸಲು ಕಾಣುವ ಮನೆ ವಾರಕ್ಕೊಮ್ಮೆ ಕಂತು ಎಲ್ಲಿಂದ ತರಬೇಕು? ಒಂದು ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು. 2025ರ ಆರಂಭದಲ್ಲಿ ಚಾಮರಾಜನಗರದ ಹಳ್ಳಿಗಳಿಂದ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಓದಿದಾಗ ಊಟ ಸೇರಲಿಲ್ಲ. ಆ ಫೆಬ್ರವರಿಯಲ್ಲಿ ಸರ್ಕಾರ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ವಸೂಲಿಯ ದೌರ್ಜನ್ಯವನ್ನು ಕಾನೂನು ತಡೆಯಬಹುದು. ಬ್ಯಾಂಕು ಬಿಟ್ಟ ಜಾಗವನ್ನು ಬ್ಯಾಂಕೇ ತುಂಬಬೇಕು.

ಇನ್ನು ಕಾಯುವ ಹಣದ ಮಾತು. ಗುಜರಾತಿನ ವಾಂಸ್ದಾದಲ್ಲಿ ಬೈಫ್ ಸಂಸ್ಥೆ 1982ರಲ್ಲಿ ಆದಿವಾಸಿ ಕುಟುಂಬಗಳಿಗಾಗಿ ‘ವಾಡಿ’ ಶುರುಮಾಡಿತು. ಕುಟುಂಬಕ್ಕೆ ಒಂದು ಎಕರೆಯಷ್ಟು ತೋಟ: ಕಸಿ ಮಾವು, ಗೇರು, ಬೇಲಿಗುಂಟ ಕಾಡುಮರ, ಮರ ಬೆಳೆಯುವ ತನಕ ನಡುವೆ ಆಹಾರದ ಬೆಳೆ. ಆರಂಭದ ವರ್ಷಗಳ ಖರ್ಚನ್ನು ಸಾಲವಾಗಿ ಹೇರದೆ ಅನುದಾನವಾಗಿ ಕೊಟ್ಟರು. 2003-04ರಲ್ಲಿ ನಬಾರ್ಡ್ 50 ಕೋಟಿ ರೂಪಾಯಿಯ ಬುಡಕಟ್ಟು ಅಭಿವೃದ್ಧಿ ನಿಧಿ ಸ್ಥಾಪಿಸಿ ಇದನ್ನೇ ಬೇರೆ ರಾಜ್ಯಗಳಿಗೂ ಒಯ್ದಿತು. ಗಿಡ ಬೇರೂರುವವರೆಗೆ ಅನುದಾನ, ಫಸಲು ಶುರುವಾದ ಮೇಲೆ ಸಾಲ. ಬೆಟ್ಟಕ್ಕೆ ಈ ಕ್ರಮವೇ ಸರಿ ಎಂಬುದು ಇಷ್ಟು ವರ್ಷದ ಅನುಭವದಿಂದ ನಾನು ಹೇಳುವ ಮಾತು. ಮೊದಲ ದಿನದಿಂದಲೇ ಬಡ್ಡಿ ಓಡಿಸಿದರೆ ಮರಕ್ಕಿಂತ ಸಾಲ ಬೇಗ ಬೆಳೆಯುತ್ತದೆ.

ಹಕ್ಕುಪತ್ರ ಕೈಯಲ್ಲಿರುವ ಕುಟುಂಬ ನಿಮಗೆ ಗೊತ್ತಿದ್ದರೆ ಇಷ್ಟು ತಿಳಿಸಿ. 2 ಲಕ್ಷದವರೆಗಿನ ಕೃಷಿಸಾಲಕ್ಕೆ ಯಾವ ಬ್ಯಾಂಕೂ ಅಡಮಾನ ಕೇಳುವಂತಿಲ್ಲ. ಒಂಟಿಯಾಗಿ ಹೋಗುವ ಬದಲು ಸಂಘದವರು ಜೊತೆಯಾಗಿ ಹೋಗಲಿ. ಅರ್ಜಿ ಕೊಟ್ಟು ಸ್ವೀಕೃತಿ ಕೇಳಲಿ. ಆಗುವುದಿಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಪಡೆದು, ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್‌ಗೆ ಒಯ್ದು ಕೊಡಲಿ.