ಮೂಗಿಗಷ್ಟೇ ಸಿಕ್ಕ ವೈನ್

ಹಾಸ್ಟೆಲ್‌ನಲ್ಲಿ ನಮ್ಮ ನಾಲ್ವರಿಗೆ ಹೆಸರಿಗಿಂತ ಊರೇ ಹೆಸರು. ನಾನು ಹಾನಗಲ್ಲು. ಉಳಿದ ಮೂವರು ಶಿಗ್ಗಾಂವಿ, ಸವಣೂರು, ಹಿರೇಕೆರೂರು. ನಾಲ್ವರೂ ಹಾವೇರಿ ಹತ್ತಿರದ ದೇವಗಿರಿಯಲ್ಲಿ ಬಿ.ಇ. ಮೆಕ್ಯಾನಿಕಲ್ ಓದುತ್ತಿದ್ದೇವೆ. ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ, ಫೆಬ್ರುವರಿಯಲ್ಲಿ, ಒಂದು ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆವು. ಹೊರಟಿದ್ದು ನಂದಿ ಬೆಟ್ಟದ ತಪ್ಪಲಿನ ಒಂದು ವೈನರಿಗೆ. ನನ್ನ ದೊಡ್ಡಪ್ಪನ ಮಗ ಐಟಿಐ ಮುಗಿಸಿ ಅಲ್ಲಿ ಮಶೀನುಗಳ ಮೇಂಟೆನನ್ಸ್ ನೋಡಿಕೊಳ್ಳುತ್ತಾನೆ. ‘ಸುಗ್ಗಿ ನಡದೈತಿ, ಈಗ ಬಂದ್ರ ಎಲ್ಲಾ ನೋಡಾಕ ಸಿಗತೈತಿ’ ಎಂದು ಕರೆದಿದ್ದ.

ಮನೆಯಲ್ಲಿ ನಾನು ಹೇಳಿದ್ದು ‘ದ್ರಾಕ್ಷಿ ಕಾರ್ಖಾನೆಗೆ ಇಂಡಸ್ಟ್ರಿಯಲ್ ವಿಸಿಟ್’ ಎಂದು. ಸುಳ್ಳೇನಲ್ಲ. ಆದರೆ ಅವ್ವ ಅಷ್ಟಕ್ಕೇ ಬಿಡುವವಳಲ್ಲ. ‘ದ್ರಾಕ್ಷಿಯಿಂದ ಅಲ್ಲೆ ಏನ್ ಮಾಡ್ತಾರ?’ ಎಂದಳು. ಹೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನಮ್ಮ ಓಣಿಯಲ್ಲಿ ಕುಡಿತಕ್ಕೆ ಹೊಲ ಕಳೆದುಕೊಂಡ ಮನೆಗಳು ಎರಡಿವೆ. ಅದರಲ್ಲೊಂದು ಅವ್ವನ ತಮ್ಮನದು. ಅಪ್ಪ ಮಾತ್ರ, ‘ಮಶಿನ್ ನೋಡಾಕ ಹೊಂಟಾಳ, ಹೋಗಿ ಬರ್‍ಲಿ ಬಿಡು’ ಎಂದ.

ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ದೊಡ್ಡಬಳ್ಳಾಪುರದ ಬಸ್ ಹಿಡಿದು, ಅಣ್ಣನ ಮನೆಯಲ್ಲಿ ಉಪ್ಪಿಟ್ಟು ತಿಂದು ತೋಟ ಮುಟ್ಟುವಷ್ಟರಲ್ಲಿ ಆ ದಿನದ ಕೊಯ್ಲು ಮುಗಿಯುತ್ತ ಬಂದಿತ್ತು. ವೈನ್ ದ್ರಾಕ್ಷಿಯನ್ನು ಬಿಸಿಲೇರುವ ಮೊದಲೇ ಕೊಯ್ಯಬೇಕು. ಹಣ್ಣು ಕಾದರೆ ಬುಟ್ಟಿಯಲ್ಲೇ ಹುಳಿಯಲು ಶುರುವಾಗುತ್ತದೆ. ಹೆಂಗಸರು ಗೊಂಚಲು ಕತ್ತರಿಸಿ ಪ್ಲಾಸ್ಟಿಕ್ ಕ್ರೇಟುಗಳಿಗೆ ತುಂಬುತ್ತಿದ್ದರು. ಒಂದು ಕಾಳು ಬಾಯಿಗೆ ಹಾಕಿಕೊಂಡೆ. ಸಿಹಿಯೇನೋ ಬಹಳ, ಆದರೆ ಬಟಾಣಿಯಷ್ಟು ಗಾತ್ರ, ದಪ್ಪ ಸಿಪ್ಪೆ, ಒಳಗೆಲ್ಲ ಬೀಜ. ಸಂತೆಯಲ್ಲಿ ಇದನ್ನು ಯಾರೂ ಕೊಳ್ಳುವುದಿಲ್ಲ. ಬಣ್ಣ, ಒಗರು, ವಾಸನೆ ಎಲ್ಲ ಸಿಪ್ಪೆಯಲ್ಲೇ ಇರುವುದರಿಂದ ವೈನಿಗೆ ಇಂಥದ್ದೇ ಬೇಕಂತೆ.

ಈ ಸೀಮೆಗೆ ದ್ರಾಕ್ಷಿ ಹೊಸದಲ್ಲ. ಬೆಂಗಳೂರು ಬ್ಲೂ ಎಂಬ ನೀಲಿ ದ್ರಾಕ್ಷಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಸುತ್ತ ಬಹಳ ಕಾಲದಿಂದ ಇದೆ. ಅದಕ್ಕೆ ಭೌಗೋಳಿಕ ಸೂಚಿಯೂ ಸಿಕ್ಕಿದೆ. ಫ್ರಾನ್ಸಿನ ತಳಿಗಳು ಇಲ್ಲಿ ಹೆಸರು ಮಾಡಿದ್ದು ಕನ್ವಲ್ ಗ್ರೋವರ್ ಅವರಿಂದ. ಅವರು ಕೃಷಿಕರಲ್ಲ, ಉದ್ಯಮಿ. ಫ್ರಾನ್ಸಿನ ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು, ಪ್ರಯೋಗ ಮಾಡಿ ಮಾಡಿ ಕೊನೆಗೆ ನಂದಿ ತಪ್ಪಲನ್ನು ಆರಿಸಿಕೊಂಡರು. 1988ರಲ್ಲಿ ಇಲ್ಲಿ ಬಳ್ಳಿ ನೆಟ್ಟರು, 1992ರಲ್ಲಿ ಮೊದಲ ವೈನ್ ಬಂತು. ನಾವು ಹೋದದ್ದು ಅದಕ್ಕಲ್ಲ, ಅದಕ್ಕಿಂತ ಬಹಳ ಚಿಕ್ಕದಕ್ಕೆ. ಮಾವ ತೋಟ ನೋಡಿಕೊಂಡರೆ ಸೊಸೆ ಲ್ಯಾಬ್ ನೋಡಿಕೊಳ್ಳುತ್ತಾರೆ, ಮಗ ಮಾರಾಟಕ್ಕೆ ಓಡಾಡುತ್ತಾನೆ. ನಾಯಿ ಕೂಡ ಮನೆಯದೇ.

‘ತಂಪು ಸೀಮೆ ಅಂದರೆ ಯುರೋಪಿನ ತಂಪಲ್ಲಮ್ಮ’ ಎಂದರು ಯಜಮಾನರು. ನಂದಿ ಬೆಟ್ಟದ ತುದಿ 1,478 ಮೀಟರ್, ತೋಟಗಳು ಅದಕ್ಕಿಂತ ಸಾಕಷ್ಟು ಕೆಳಗಿವೆ. ಆದರೂ ರಾತ್ರಿ ತಣ್ಣಗಾಗುತ್ತದೆ. ಹಗಲು ಹಣ್ಣಿಗೆ ಸಕ್ಕರೆ ತುಂಬುತ್ತದೆ, ರಾತ್ರಿಯ ತಂಪು ಹುಳಿಯನ್ನು ಉಳಿಸುತ್ತದೆ. ಎರಡೂ ಇಲ್ಲದಿದ್ದರೆ ವೈನ್ ಸಪ್ಪೆ. ಯುರೋಪಿನಲ್ಲಿ ಬಳ್ಳಿ ಚಳಿಗಾಲಕ್ಕೆ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಚಾಟಣಿ: ಬೇಸಿಗೆಯಲ್ಲಿ ಕಡ್ಡಿ ಬೆಳೆಸಲು ಒಮ್ಮೆ, ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಹಣ್ಣಿಗಾಗಿ ಇನ್ನೊಮ್ಮೆ. ಬೇರು ಬೇರೆ ತಳಿಯದು, ಹೆಚ್ಚಾಗಿ ಡಾಗ್‌ರಿಡ್ಜ್, ಅದರ ಮೇಲೆ ವೈನ್ ತಳಿಯ ಕಸಿ. ಕಸಿ ಎಂದಾಗ ನನಗೆ ನಮ್ಮ ಮಾವು ನೆನಪಾಯಿತು. ಸವಣೂರಿನವಳು ಆಗಲೇ ತಂತಿಗೆ ಬಳ್ಳಿ ಕಟ್ಟಿದ್ದನ್ನು ಮುಟ್ಟಿ ನೋಡುತ್ತಿದ್ದಳು. ಅವರದು ಎಲೆಬಳ್ಳಿ ತೋಟ. ‘ನಮ್ಮಪ್ಪ ಇದಕ್ಕಿಂತ ಚಂದ ಕಟ್ತಾನ’ ಎಂದಳು. ಹಿರೇಕೆರೂರಿನವಳು ಸಣ್ಣವಳಿದ್ದಾಗಿನಿಂದ ಬೀಜದ ಹತ್ತಿಯ ಹೊಲದಲ್ಲಿ ಸಂಜೆ ಮೊಗ್ಗು ಬಿಡಿಸಿ, ಮರುದಿನ ಬೆಳಿಗ್ಗೆ ಪರಾಗ ಹಚ್ಚಿದವಳು. ಕೊಯ್ಯುವ ಹೆಂಗಸರ ಕೈ ನೋಡುತ್ತ ನಿಂತವಳು ಕೇಳಿದ್ದು ಒಂದೇ ಪ್ರಶ್ನೆ: ‘ಕೂಲಿ ಎಷ್ಟು?’ ಯಜಮಾನರು ಹೇಳಿದರು. ಅವಳು ನಮ್ಮ ಕಡೆ ತಿರುಗಿ ತಲೆಯಾಡಿಸಿದಳು, ಪರವಾಗಿಲ್ಲ ಎನ್ನುವ ಹಾಗೆ.

ಒಳಗೆ ಹೋದ ಮೇಲೆ ನಾನು ನಿಜವಾಗಿಯೂ ಎಂಜಿನಿಯರಿಂಗ್ ವಿದ್ಯಾರ್ಥಿನಿಯಾದೆ. ಕ್ರೇಟು ಮೊದಲು ಸುರಿಯುವುದು ತೊಟ್ಟು ಬಿಡಿಸುವ ಮಶೀನಿಗೆ. ಒಳಗಿನ ರೋಲರ್ ಕಾಳನ್ನು ಒಡೆಯಬೇಕು, ಬೀಜವನ್ನು ಒಡೆಯಬಾರದು. ಬೀಜ ಒಡೆದರೆ ಕಹಿ. ಆ ಗ್ಯಾಪ್ ಹೊಂದಿಸುವುದು ಅಣ್ಣನ ಕೆಲಸ. ನಮಗೆ ಲ್ಯಾಬಿನಲ್ಲಿ ‘ಟಾಲರೆನ್ಸ್’ ಬರೀ ಪರೀಕ್ಷೆಯ ಪ್ರಶ್ನೆಯಾಗಿತ್ತು. ಬಿಳಿ ವೈನಿಗಾದರೆ ಹಿಂಡಿದ ರಸ ಮಾತ್ರ ಟ್ಯಾಂಕಿಗೆ. ಕೆಂಪಿಗಾದರೆ ಸಿಪ್ಪೆ ಸಮೇತ. ಕಪ್ಪು ದ್ರಾಕ್ಷಿಯಲ್ಲೂ ರಸಕ್ಕೆ ಹೆಚ್ಚುಕಡಿಮೆ ಬಣ್ಣವಿರುವುದಿಲ್ಲ ಎಂಬುದು ನನಗೆ ಗೊತ್ತೇ ಇರಲಿಲ್ಲ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೊಹಾಲ್, ಇಂಗಾಲದ ಡೈಆಕ್ಸೈಡ್ ಮತ್ತು ಶಾಖ ಕೊಡುತ್ತದೆ. ಪಿಯುಸಿಯಲ್ಲಿ ಸಮೀಕರಣ ಬರೆಯುವಾಗ ಈ ಶಾಖವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲಿ ಇಡೀ ಕಾರ್ಖಾನೆ ನಡೆಯುವುದೇ ಅದನ್ನು ಹೊರಗೆ ಹಾಕಲು. ಸ್ಟೀಲ್ ಟ್ಯಾಂಕಿನ ಸುತ್ತ ಇನ್ನೊಂದು ಪದರ, ಅದರೊಳಗೆ ಚಿಲ್ಲರ್‌ನಿಂದ ಬರುವ ತಣ್ಣನೆಯ ಗ್ಲೈಕಾಲ್ ನೀರು. ಬಿಳಿ ವೈನ್ ಸುಮಾರು 15 ಡಿಗ್ರಿಯಲ್ಲಿ ನಿಧಾನ ಹುದುಗಬೇಕು, ಕೆಂಪಿಗೆ 25ರ ಮೇಲಿದ್ದರೂ ನಡೆಯುತ್ತದೆ. ಸುಗ್ಗಿಯಲ್ಲಿ ಕರೆಂಟ್ ಹೋದರೆ ಅಣ್ಣನಿಗೆ ನಿದ್ದೆ ಇಲ್ಲ.

ಟ್ಯಾಂಕಿನ ಬಾಯಿಗೆ ಬಗ್ಗಿ ನೋಡಲು ಹೋದ ಶಿಗ್ಗಾಂವಿಯನ್ನು ಆತ ಜಡೆ ಹಿಡಿದೇ ಹಿಂದಕ್ಕೆ ಎಳೆದ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಟ್ಯಾಂಕಿನೊಳಗೇ ತುಂಬಿ ನಿಲ್ಲುತ್ತದೆ. ತೊಳೆಯಲು ಇಳಿದವರು ಉಸಿರುಕಟ್ಟಿ ಸತ್ತ ಘಟನೆಗಳು ಜಗತ್ತಿನ ವೈನರಿಗಳಲ್ಲಿ ಆಗಿವೆ. ನಮ್ಮ ಕಡೆ ಹಗೇವಿಗೆ ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರೆಂದು ಅಜ್ಜ ಹೇಳುತ್ತಿದ್ದ. ಅದೇ ಭಯ.

ಕೊನೆಗೆ ರುಚಿ ನೋಡುವ ಕೋಣೆ. ಉದ್ದ ಮೇಜು, ಗ್ಲಾಸುಗಳು, ಕಿಟಕಿಯಾಚೆ ಬೆಟ್ಟ. ಸೊಸೆ ಮೇಡಂ ಮೊದಲು ಕೇಳಿದ್ದು ವಯಸ್ಸು. ನಮ್ಮ ರಾಜ್ಯದ ಅಬಕಾರಿ ನಿಯಮದಲ್ಲಿ 21 ತುಂಬಬೇಕು. 2023ರಲ್ಲಿ ಇದನ್ನು 18ಕ್ಕೆ ಇಳಿಸುವ ಕರಡು ಬಂದು, ವಿರೋಧವೆದ್ದು, ಸರ್ಕಾರ ಹಿಂದೆ ಸರಿದಿತ್ತು. ನಮ್ಮಲ್ಲಿ 21 ಆಗಿದ್ದು ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದ ಶಿಗ್ಗಾಂವಿಗೆ ಮಾತ್ರ. ಅವಳ ಅಪ್ಪನದು ಕಿರಾಣಿ ಅಂಗಡಿ. ಒಂದು ಗುಟುಕು ಕುಡಿದು, ಮುಖ ಕಿವುಚಿ, ‘ಇದಕ್ಕ ಇಷ್ಟ್ ರೊಕ್ಕಾ?’ ಎಂದಳು. ಮೇಡಂ ಜೋರಾಗಿ ನಕ್ಕರು. ನಮಗೆ ಮೂವರಿಗೆ ಬರೀ ವಾಸನೆ. ನನಗೆ ಮೊದಲು ಬಂದದ್ದು ನೇರಳೆ ಹಣ್ಣು, ಆಮೇಲೆ ಒದ್ದೆ ಕಟ್ಟಿಗೆ. ಅವ್ವನ ತಮ್ಮ ನಮ್ಮ ಮನೆಗೆ ಬಂದಾಗ ಬರುತ್ತಿದ್ದ ವಾಸನೆ ಇದಲ್ಲ. ಆದರೂ ಗ್ಲಾಸ್ ಕೆಳಗಿಟ್ಟ ಮೇಲೆ ಕೈ ತೊಳೆದುಕೊಂಡೆ. ಯಾಕೋ ಗೊತ್ತಿಲ್ಲ.

ಆಗಲೇ ನಾನು ಕೇಳಿದ್ದು: ‘ಮೇಡಂ, ಮಾವಿನ ಹಣ್ಣಿನಿಂದ ಆಗುತ್ತದೆಯೇ?’

ಆಗುತ್ತದೆ ಎಂದರು. ಯೀಸ್ಟಿಗೆ ಸಕ್ಕರೆ ಯಾವ ಹಣ್ಣಿನದಾದರೇನು? ಮಾವಿನ ತಿರುಳು ಗಟ್ಟಿ, ಪೆಕ್ಟಿನ್ ಕರಗಿಸಲು ಎಂಜೈಮ್ ಹಾಕಬೇಕು, ಲೈಸೆನ್ಸ್ ಬೇಕು. ಮಾವನವರು ನಡುವೆ ಬಾಯಿ ಹಾಕಿದರು. ‘ವೈನ್ ಬಿಡಮ್ಮ. ಬಳ್ಳಿ ನೆಟ್ಟು ಮೂರನೇ ವರ್ಷ ಹಣ್ಣು. ಆಮೇಲೆ ಟ್ಯಾಂಕು, ಬಾಟಲಿ, ಅಬಕಾರಿ. ಸಾಲ ಇನ್ನೂ ತೀರಿಲ್ಲ. ನೀನು ನೋಡಬೇಕಾದದ್ದು ಬೇರೆ. ಹಣ್ಣು ಕೊಯ್ದ ದಿನ ನಾನು ಮಾರಬೇಕಾಗಿಲ್ಲ. ಟ್ಯಾಂಕಿಗೆ ಬಿದ್ದ ಮೇಲೆ ನನಗೆ ಪೇಟೆಯ ಭಯ ಇಲ್ಲ.’

ಈ ಮಾತು ವಾಪಸ್ ರೈಲಿನುದ್ದಕ್ಕೂ ಕೊರೆಯಿತು. ನಮಗೆ ಮೂರು ಎಕರೆ ಆಪೂಸ್ ಮಾವಿದೆ. ಆಪೂಸ್ ಒಂದು ವರ್ಷ ಚೆನ್ನಾಗಿ ಹಿಡಿದರೆ ಮರುವರ್ಷ ಕೈಕೊಡುತ್ತದೆ. ಆ ಅಂಜಿಕೆಗೆ ಅಪ್ಪ ಪ್ರತಿವರ್ಷ ಹೂವಿನಲ್ಲೇ ತೋಟವನ್ನು ಗುತ್ತಿಗೆ ಕೊಡುತ್ತಾನೆ. ಔಷಧ, ಕಾವಲು, ಕೊಯ್ಲು ಎಲ್ಲ ಗುತ್ತಿಗೆದಾರನದು. ಬೆಳೆ ಭರ್ಜರಿ ಬಂದರೆ ಲಾಭ ಅವನಿಗೆ. ಆಣೆಕಲ್ಲು ಬಿದ್ದರೆ ಮಾತಾಡಿದ ದುಡ್ಡಿನಲ್ಲಿ ಕಡಿತ ಅಪ್ಪನಿಗೆ. ನನ್ನ ಎರಡು ವರ್ಷದ ಫೀಸು ಈ ಮುಂಗಡದಿಂದಲೇ ಹೋಗಿದೆ. ಹಾಗಾಗಿ ‘ಗುತ್ತಿಗೆ ಕೊಡಬ್ಯಾಡ’ ಎನ್ನುವುದು ನನ್ನ ಬಾಯಿಂದ ಅಷ್ಟು ಸುಲಭವಾಗಿ ಬರುವ ಮಾತಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ಅರ್ಧ ತೋಟ ಗುತ್ತಿಗೆಗೆ, ಅರ್ಧ ನಮಗೆ. ಸಣ್ಣ, ಕಲೆಬಿದ್ದ ಹಣ್ಣಿನ ತಿರುಳು ತೆಗೆದು, ಕಾಯಿಸಿ, ಗಾಳಿಯಾಡದಂತೆ ಮುಚ್ಚಿದರೆ ತಿಂಗಳುಗಟ್ಟಲೆ ಇರುತ್ತದೆ. ಪಲ್ಪರ್, ಹಬೆ ಕೆಟಲ್, ಸೀಲಿಂಗ್ ಮಶೀನ್, ಇವು ನಮಗೆ ಅರ್ಥವಾಗುವ ಯಂತ್ರಗಳು. ಕಿರು ಆಹಾರ ಸಂಸ್ಕರಣೆಗೆಂದು 2020ರಲ್ಲಿ ಕೇಂದ್ರ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲದ ಜೊತೆ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿದೆ. ಮೈಸೂರಿನ ಸಿಎಫ್‌ಟಿಆರ್‌ಐ ಇಂಥ ಸಂಸ್ಕರಣೆಗೆ ತರಬೇತಿ ಕೊಡುತ್ತದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಸಣ್ಣ ಪಲ್ಪರ್ ಮಾಡೋಣ ಎಂದಾಗ ಮೂವರೂ ಒಪ್ಪಿದರು. ಶಿಗ್ಗಾಂವಿ ಮಾತ್ರ, ‘ಮೊದಲು ಯಾರಿಗೆ ಮಾರ್‍ತೀ ಹೇಳು’ ಎಂದಳು. ಅಂಗಡಿಯವರ ಮಗಳು, ಅವಳ ಪ್ರಶ್ನೆಗೆ ನನ್ನಲ್ಲಿ ಇನ್ನೂ ಉತ್ತರವಿಲ್ಲ.

ಅಪ್ಪ ನನ್ನ ಹಾಳೆಯನ್ನು ಎರಡು ಸಲ ಓದಿದ. ‘ಅರ್ಧಾ ತ್ವಾಟಾ ಅಂದ್ರ ಅರ್ಧಾ ಮುಂಗಡ. ಮುಂದಿನ ಫೀಜ್ ಹೆಂಗ?’ ಎಂದ. ಅವ್ವ ಒಳಗಿನಿಂದಲೇ, ‘ಕುಡಿಯೂದು ಮಾಡಂಗಿಲ್ಲಲ್ಲ?’ ಎಂದಳು. ‘ಇಲ್ಲವಾ, ಸೀಕರಣಿ’ ಎಂದೆ. ‘ಹಂಗಾರ ಒಂದ್ ಸಾಲು ಬಿಡ್ರಿ ಆಕಿಗೆ’ ಎಂದಳು ಅಪ್ಪನಿಗೆ.

ಒಂದು ಸಾಲು ಅಂದರೆ ಹನ್ನೊಂದು ಮರ. ಸೋಮವಾರ ಗುತ್ತಿಗೆದಾರ ಬರುತ್ತಾನೆ. ಇಲ್ಲಿವರೆಗೆ ಅವರು ಕಟ್ಟೆಯ ಮೇಲೆ ಕೂತಾಗ ಚಹಾ ತಂದಿಟ್ಟು ಒಳಗೆ ಹೋಗುವುದಷ್ಟೇ ನನ್ನ ಪಾಲು. ಈ ಸಲ ಅಪ್ಪ, ‘ನೀನೂ ಬಂದು ಕೂಡವಾ, ಹನ್ನೊಂದು ಗಿಡದ ಮಾತು ನೀನ ಆಡು’ ಎಂದಿದ್ದಾನೆ.