ನಿಮಗಿದು ಗೊತ್ತೇ? ನೀರಲ್ಲೇ ನಿಂತು ಬಾಯಾರುವ ಗಿಡಗಳು!

ಕುಂಡದ ಮಣ್ಣು ಒದ್ದೆ. ಆದರೂ ಗಿಡದ ಎಲೆ ಸುಕ್ಕು. ಅದು ಹೇಗೆ ಸಾಧ್ಯ ಅಂತೀರಾ? ಸಾಧ್ಯ! ನೀರು ಹೆಚ್ಚಾಗಿ ಬೇರು ಕೊಳೆತರೆ ನೀರನ್ನು ಮೇಲಕ್ಕೆ ಎಳೆಯಲು ಯಾರೂ ಉಳಿದಿರುವುದಿಲ್ಲ. ಬುಡದಲ್ಲಿ ಬೇಕಾದಷ್ಟು ನೀರಿದ್ದರೂ ಎಲೆಗೆ ಒಂದು ಹನಿ ತಲುಪುವುದಿಲ್ಲ. ಸುಕ್ಕು ಕಂಡ ನಾವು ‘ಪಾಪ, ಬಾಯಾರಿದೆ’ ಅಂತ ಇನ್ನೊಂದು ಲೋಟ ಸುರಿಯುತ್ತೇವೆ. ಉಳಿದ ಬೇರೂ ಹೋಯಿತು! ಎಲೆಯಲ್ಲೇ ನೀರು ಕೂಡಿಡುವ, ಮನೆಯೊಳಗಿನ ಸಕ್ಯುಲೆಂಟ್ ಗಿಡಗಳಿಗೆ ಬರಕ್ಕಿಂತ ನಮ್ಮ ಪ್ರೀತಿಯೇ ದೊಡ್ಡ ಗಂಡಾಂತರ.

ಹಾಗಾದರೆ ನಿಜವಾದ ಬಾಯಾರಿಕೆ ಯಾವುದು, ಕೊಳೆತದ್ದು ಯಾವುದು? ಕಣ್ಣಿಗಿಂತ ಬೆರಳು ಚೆನ್ನಾಗಿ ಹೇಳುತ್ತದೆ. ಬಾಯಾರಿದ ಎಲೆ ತೆಳ್ಳಗಾಗಿ, ಮೆತ್ತಗೆ ಬಾಗುತ್ತದೆ. ಆದರೆ ಕಾಂಡವನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ನೀರು ಕುಡಿದು ಕೆಟ್ಟ ಎಲೆ ಹಳದಿಗೆ ತಿರುಗಿ, ಗಾಜಿನ ಹಾಗೆ ಪಾರದರ್ಶಕವಾಗಿ, ಮುಟ್ಟಿದರೆ ಲೊಳಕ್ ಅನ್ನುತ್ತದೆ. ಬೆರಳು ತಾಗಿದ್ದೇ ತಡ, ಪಟ್ಟನೆ ಉದುರುತ್ತದೆ!

ಬರೀ ಬಾಯಾರಿದ್ದರೆ ನೀರು ಹಾಕಿದ ಕೆಲವೇ ದಿನಗಳಲ್ಲಿ ಸುಕ್ಕೆಲ್ಲ ಮಾಯವಾಗಿ ಎಲೆ ಉಬ್ಬಿ ನಿಲ್ಲುತ್ತದೆ. ವಾರ ಕಳೆದರೂ ಉಬ್ಬಲಿಲ್ಲವೇ? ಮತ್ತೆ ನೀರಿನ ಚೊಂಬು ಹಿಡಿಯಬೇಡಿ. ಗಿಡವನ್ನೇ ಕುಂಡದಿಂದ ಎತ್ತಿ ನೋಡಿ. ಆರೋಗ್ಯದ ಬೇರು ಗಟ್ಟಿ, ತಿಳಿ ಬಣ್ಣದ್ದು. ಕೊಳೆತದ್ದು ಕಪ್ಪು ಅಥವಾ ಕಂದು; ಎಳೆದರೆ ಕೈಗೇ ಬರುತ್ತದೆ, ಮೂಗಿಗೂ ಸುದ್ದಿ ಮುಟ್ಟುತ್ತದೆ!

ಈಗ ಕೇಳಿ ವಿಚಿತ್ರ ಚಿಕಿತ್ಸೆ. ಕೊಳೆತ ಬೇರನ್ನೆಲ್ಲ ಶುದ್ಧವಾದ ಬ್ಲೇಡಿನಿಂದ ಕತ್ತರಿಸಿ. ಆಮೇಲೆ ಗಿಡವನ್ನು ನೆಡಲೇಬೇಡಿ! ಮಣ್ಣಿಲ್ಲ, ನೀರಿಲ್ಲ, ನೆರಳಿನಲ್ಲಿ ಒಂದು ಕಾಗದದ ಮೇಲೆ ನಾಲ್ಕೈದು ದಿನ ಸುಮ್ಮನೆ ಮಲಗಿಸಿ. ಗಾಯ ಒಣಗಿ ಮುಚ್ಚಿಕೊಳ್ಳಲಿ. ಗುಲಾಬಿಗೆ ಹೀಗೆ ಮಾಡಿದರೆ ಅದು ಸತ್ತೇಹೋದೀತು. ಸಕ್ಯುಲೆಂಟಿಗೆ ಇದೇ ಬದುಕು. ಎಲೆಯಲ್ಲೇ ನೀರಿನ ದಾಸ್ತಾನು ಇದೆಯಲ್ಲ! ಆಮೇಲೆ ಒಣ ಮಣ್ಣಿಗೆ ನೆಟ್ಟು, ಮತ್ತೂ ಕೆಲವು ದಿನ ಬಿಟ್ಟು ನೀರು ಕೊಟ್ಟರಾಯಿತು.

ಕೊಳೆತವು ಕಾಂಡಕ್ಕೂ ಹತ್ತಿದ್ದರೆ? ಧೈರ್ಯವಾಗಿ ಕೊಳೆತ ಭಾಗಕ್ಕಿಂತ ಮೇಲೆ ಕತ್ತರಿಸಿ. ಕತ್ತರಿಸಿದ ಜಾಗದ ಒಳಗೆ ಕಂದು ಕಲೆಯೋ ಉಂಗುರವೋ ಕಂಡರೆ ಇನ್ನಷ್ಟು ಮೇಲೆ ಹೋಗಿ. ಪೂರ್ತಿ ಶುಭ್ರವಾದ ಭಾಗ ಕಾಣುವವರೆಗೆ ನಿಲ್ಲಿಸಬೇಡಿ. ಉಳಿದದ್ದು ಬರೀ ತಲೆಯಾದರೂ ಪರವಾಗಿಲ್ಲ. ಆ ತಲೆಗೇ ಹೊಸ ಬೇರು ಬರುತ್ತದೆ!

ಎಲ್ಲಕ್ಕಿಂತ ಕೆಳಗಿನ ಎಲೆಗಳು ಮಾತ್ರ ಒಣಗಿ ಕಾಗದದಂತಾಗಿವೆಯೇ? ಗಾಬರಿ ಬೇಡವೇ ಬೇಡ. ಅದು ರೋಗವಲ್ಲ. ಗಿಡ ತನ್ನ ಹಳೆಯ ಎಲೆಯಲ್ಲಿದ್ದ ನೀರನ್ನೂ ಸತ್ವವನ್ನೂ ತಾನೇ ಹಿಂದಕ್ಕೆ ಹೀರಿಕೊಂಡು, ಸಿಪ್ಪೆಯನ್ನಷ್ಟೇ ಬಿಟ್ಟಿದೆ. ಆ ಸಿಪ್ಪೆಯನ್ನು ಮೆಲ್ಲಗೆ ತೆಗೆದುಹಾಕಿ. ಅಲ್ಲಿ ಹುಳ ಅಡಗುವುದು ತಪ್ಪುತ್ತದೆ. ತುದಿಯ ಎಳೆ ಎಲೆಗಳು ಸೊರಗಿದರೆ ಮಾತ್ರ ಚಿಂತೆ ಮಾಡಿ.

ಸಕ್ಯುಲೆಂಟ್‌ಗಳು ಹಗಲಲ್ಲಿ ಉಸಿರು ಬಿಗಿಹಿಡಿದು ಕೂರುವ ಗಿಡಗಳು ಅಂದರೆ ನಂಬುತ್ತೀರಾ? ಹೆಚ್ಚಿನ ಗಿಡಗಳು ಹಗಲಲ್ಲಿ ಎಲೆಯ ಸಣ್ಣ ರಂಧ್ರಗಳನ್ನು ತೆರೆಯುತ್ತವೆ. ಆದರೆ ಬಿಸಿಲಿನ ನಾಡಿನ ಬಹುಪಾಲು ಸಕ್ಯುಲೆಂಟ್‌ಗಳು ಹಗಲಲ್ಲಿ ಅವನ್ನು ಮುಚ್ಚಿ, ರಾತ್ರಿ ತೆರೆಯುತ್ತವೆ. ನೀರು ಆವಿಯಾಗಿ ಹೋಗದಿರಲಿ ಅಂತ! ರಾತ್ರಿ ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತವೆ. ಬೆಳಗಾದ ಮೇಲೆ ಅದನ್ನು ಬಿಡಿಸಿ ಆಹಾರ ತಯಾರಿಸುತ್ತವೆ. ಹಾಗಾಗಿ ಎಲೆ ಬೆಳಿಗ್ಗೆ ಹುಳಿ, ಹೊತ್ತೇರಿದಂತೆ ಸಪ್ಪೆ!

ಇದನ್ನು ನಾಲಿಗೆಯಿಂದಲೇ ಪತ್ತೆ ಮಾಡಿ ವಿಜ್ಞಾನಿಗಳಿಗೆ ತಿಳಿಸಿದವರು ಯಾರು ಗೊತ್ತೇ? ಬೆಂಜಮಿನ್ ಹೇಯ್ನ್. ಟಿಪ್ಪು ಸುಲ್ತಾನನ ಪತನದ ನಂತರ ನಮ್ಮ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡ ಅದೇ ಸಸ್ಯಶಾಸ್ತ್ರಜ್ಞ! ಅವರು ರುಚಿ ನೋಡಿದ್ದು ನಮ್ಮ ಹಿತ್ತಿಲುಗಳಲ್ಲಿ ಕಾಣುವ ಕಾಡುಬಸಳೆಯ ಎಲೆಯನ್ನು. ಬೆಳಿಗ್ಗೆ ತಿಂದರೆ ಕಟು ಹುಳಿ, ಮಧ್ಯಾಹ್ನ ರುಚಿಯೇ ಇಲ್ಲ, ಸಂಜೆ ಸ್ವಲ್ಪ ಕಹಿ. ಲಂಡನ್ನಿನ ಲಿನಿಯನ್ ಸೊಸೈಟಿ ಅವರ ಈ ವರದಿಯನ್ನು 1815ರಲ್ಲಿ ಪ್ರಕಟಿಸಿತು. ಇಂದು ಜಗತ್ತಿನ ಪಠ್ಯಪುಸ್ತಕಗಳಲ್ಲಿರುವ ಒಂದು ದೊಡ್ಡ ವಿಷಯಕ್ಕೆ ದಕ್ಷಿಣ ಭಾರತದಲ್ಲಿ ಜಗಿದ ಒಂದು ಎಲೆಯೂ ಕಾರಣ. ಎಷ್ಟು ಹೆಮ್ಮೆಯ ಸಂಗತಿ! (ನೀವು ಮಾತ್ರ ಕುಂಡದ ಗಿಡಗಳನ್ನೆಲ್ಲ ಜಗಿದು ನೋಡಬೇಡಿ. ಈ ಗುಂಪಿನ ಹಲವು ಗಿಡಗಳಲ್ಲಿ ಹೃದಯಕ್ಕೆ ಕೆಟ್ಟದ್ದು ಮಾಡುವ ವಿಷಾಂಶವಿದೆ.)

ಇನ್ನೊಂದು ಅಚ್ಚರಿ. ಸ್ನೇಕ್ ಪ್ಲಾಂಟ್ ರಾತ್ರಿಯೆಲ್ಲ ಆಮ್ಲಜನಕ ಕೊಡುತ್ತದೆ, ಮಲಗುವ ಕೋಣೆಯಲ್ಲಿಡಿ ಅಂತ ಎಷ್ಟು ಜನ ಹೇಳುತ್ತಾರೆ! ರಾತ್ರಿ ಅದು ಇಂಗಾಲದ ಡೈಆಕ್ಸೈಡನ್ನು ಒಳಗೆ ಎಳೆದುಕೊಳ್ಳುವುದು ನಿಜ. ಆದರೆ ಆಮ್ಲಜನಕ ಹುಟ್ಟಲು ಬೆಳಕು ಬೇಕೇ ಬೇಕು. ಅದರ ಆಮ್ಲಜನಕದ ಕೆಲಸವೂ ಹಗಲಲ್ಲೇ!

ಕುಂಡದ ತಳಕ್ಕೆ ಜಲ್ಲಿಕಲ್ಲು ಹಾಕಿದರೆ ನೀರು ಸಲೀಸಾಗಿ ಇಳಿಯುತ್ತದೆ ಅಂತ ನಂಬಿದ್ದೀರಾ? ಉಲ್ಟಾ! ಸಣ್ಣ ಕಣದ ಮಣ್ಣಿನಿಂದ ದೊಡ್ಡ ಕಲ್ಲಿನ ಪದರಕ್ಕೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದ ಮೇಲಷ್ಟೇ ಕೆಳಕ್ಕೆ ತೊಟ್ಟಿಕ್ಕುತ್ತದೆ. ಅಂದರೆ ಕಲ್ಲು ಹಾಕಿದಷ್ಟೂ ಒದ್ದೆ ಭಾಗ ಮೇಲಕ್ಕೆ, ಬೇರಿನ ಹತ್ತಿರಕ್ಕೇ ಬಂತು! ಕಲ್ಲನ್ನು ತಳದಲ್ಲಿ ಗುಡ್ಡೆ ಹಾಕುವ ಬದಲು ಮಣ್ಣಿಗೇ ಬೆರೆಸಿ. ದಪ್ಪ ಮರಳು, ಪರ್ಲೈಟ್, ಇಟ್ಟಿಗೆಯ ಸಣ್ಣ ಚೂರು, ಯಾವುದಾದರೂ ಸರಿ. ತಳದಲ್ಲಿ ತೂತು ಮಾತ್ರ ಇರಲೇಬೇಕು.

ಎಚೆವೇರಿಯಾ ಎಂಬ ಸಕ್ಯುಲೆಂಟಿನ ಎಲೆಯ ಮೇಲೆ ಬೂದಿ ಬಣ್ಣದ ಪುಡಿ ಕಂಡು ಒದ್ದೆ ಬಟ್ಟೆ ತಂದಿರಾ? ನಿಲ್ಲಿ! ಅದು ಧೂಳಲ್ಲ, ಬೂಷ್ಟೂ ಅಲ್ಲ. ಗಿಡ ತಾನೇ ತಯಾರಿಸಿದ ಮೇಣ! ಬಿಸಿಲಿನಿಂದ ಕಾಪಾಡುತ್ತದೆ, ನೀರು ನಿಲ್ಲದಂತೆ ಜಾರಿಸುತ್ತದೆ. ಒಮ್ಮೆ ಒರೆಸಿದರೆ ಬಲಿತ ಎಲೆಯ ಮೇಲೆ ಅದು ಮೊದಲಿನಂತೆ ಮರಳುವುದಿಲ್ಲ. ನಿಮ್ಮ ಬೆರಳಚ್ಚು ಆ ಎಲೆ ಇರುವವರೆಗೂ ಅಲ್ಲೇ! ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಡಡ್ಲಿಯಾ ಎಂಬ ಗಿಡದ ಮೇಣವಂತೂ ಬಿಸಿಲಿನ ಅತಿನೇರಳೆ ಕಿರಣಗಳ ದೊಡ್ಡ ಪಾಲನ್ನು ಕನ್ನಡಿಯಂತೆ ಹಿಂದಕ್ಕೆ ಹೊಡೆಯುತ್ತದೆ.

ಗುಲಾಬಿ ಹೂವಿನಂತೆ ದುಂಡಗಿದ್ದ ಗಿಡ ಇದ್ದಕ್ಕಿದ್ದಂತೆ ಉದ್ದುದ್ದ ಬೆಳೆಯಿತೇ? ಎಲೆಗಳ ನಡುವೆ ಅಂತರ ಬಿತ್ತೇ? ಖುಷಿಪಡಬೇಡಿ. ಅದು ಬೆಳಕು ಹುಡುಕುತ್ತಿದೆ! ಕಾಂಡದ ನೆರಳಿನ ಬದಿಯೇ ಹೆಚ್ಚು ಉದ್ದ ಬೆಳೆಯುವುದರಿಂದ ಗಿಡ ಕಿಟಕಿಯ ಕಡೆ ಬಾಗುತ್ತದೆ. ಉದ್ದವಾದದ್ದು ಮತ್ತೆ ಗಿಡ್ಡವಾಗುವುದಿಲ್ಲ. ತಲೆ ಕತ್ತರಿಸಿ ಬೇರೆ ನೆಟ್ಟರೆ ಹೊಸ ಗಿಡ. ಉಳಿದ ಮೋಟು ಕಾಂಡದಲ್ಲೂ ಹೊಸ ಚಿಗುರು. ಒಂದು ಕಾಯಿಲೆಯಿಂದ ಎರಡು ಗಿಡ!

ಎಲೆಯ ಅಂಚು ಕೆಂಪಾದರೆ ಅದು ಸಾಮಾನ್ಯವಾಗಿ ರೋಗವಲ್ಲ. ಬಿಸಿಲು ಹೆಚ್ಚಾದಾಗ, ಚಳಿ ಬಿದ್ದಾಗ ಗಿಡ ಕೆಂಪು ಬಣ್ಣ ತಯಾರಿಸಿ ಎಲೆಗೆ ರಕ್ಷಣೆ ಕೊಡುತ್ತದೆ. ನೆರಳಿಗಿಟ್ಟರೆ ಮತ್ತೆ ಹಸಿರು!

ಆದರೆ ನೆರಳಿನಲ್ಲಿದ್ದ ಗಿಡವನ್ನು ಒಮ್ಮೆಲೇ ಏಪ್ರಿಲ್ ಬಿಸಿಲಿಗೆ ಇಟ್ಟಿರೋ, ಎಲೆ ಸುಟ್ಟು ಬಿಳಿ, ಕಂದು ಮಚ್ಚೆ ಬೀಳುತ್ತದೆ. ಆ ಮಚ್ಚೆ ವಾಸಿಯಾಗುವುದಿಲ್ಲ, ಆದರೆ ಹರಡುವುದೂ ಇಲ್ಲ. ಔಷಧಿ ಹುಡುಕಿ ದುಡ್ಡು ಹಾಳು ಮಾಡಬೇಡಿ. ದಿನಕ್ಕಿಷ್ಟು ಅಂತ ಬಿಸಿಲಿಗೆ ಒಗ್ಗಿಸಿ, ಸಾಕು.

ಮೋಡ ಮುಸುಕಿದ ತಂಪು ದಿನಗಳಲ್ಲಿ ಎಲೆಯ ಮೇಲೆ ಸಣ್ಣ ಸಣ್ಣ ಕಂದು ಗುಳ್ಳೆ ಎದ್ದರೆ ಹುಳ ಅಂದುಕೊಳ್ಳುವವರೇ ಹೆಚ್ಚು. ಅಲ್ಲಿ ಹುಳವೇ ಇರಲಿಕ್ಕಿಲ್ಲ! ಬೇರು ಎಳೆದಷ್ಟು ನೀರನ್ನು ಎಲೆಗೆ ಹೊರಹಾಕಲಾಗದೆ, ಒಳಗಿನ ಜೀವಕೋಶಗಳೇ ಒಡೆದು, ಗಾಯ ಒಣಗಿ ಗಟ್ಟಿಯಾಗಿರುತ್ತದೆ. ಮಳೆಗಾಲದಲ್ಲಿ ನೀರು ಕಡಿಮೆ ಮಾಡಿ, ಗಾಳಿ ಆಡುವಲ್ಲಿಡಿ.

ಎಲೆಯ ಸಂದಿಯಲ್ಲಿ ಹತ್ತಿಯ ಚೂರು ಅಂಟಿಕೊಂಡಂತಿದೆಯೇ? ಈಗ ಮಾತ್ರ ಅದು ಹುಳವೇ. ಹಿಟ್ಟು ತಿಗಣೆ! ರಸ ಹೀರುವುದೆಲ್ಲ ಹೆಣ್ಣುಗಳು ಮತ್ತು ಮರಿಗಳು. ಬೆಳೆದ ಗಂಡಿಗೆ ರೆಕ್ಕೆ ಇದೆ, ತಿನ್ನಲು ಬಾಯಿಯೇ ಇಲ್ಲ! ಕೆಲವೇ ದಿನ ಹಾರಾಡಿ, ಹೆಣ್ಣನ್ನು ಹುಡುಕಿ, ಉಪವಾಸದಲ್ಲೇ ಸಾಯುತ್ತದೆ.

ಗಿಡದ ಮೇಲೆ ಇರುವೆ ಸಾಲು ಹತ್ತಿದ್ದರೂ ಹಿಟ್ಟು ತಿಗಣೆಯನ್ನು ಹುಡುಕಿ. ತಿಗಣೆ ಹೊರಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಶತ್ರುಗಳಿಂದ ಕಾಯುತ್ತವೆ. ಕೊಟ್ಟಿಗೆಯ ಹಸುವಿಗೆ ನಾವು ಕಾವಲಿರುವ ಹಾಗೆ! ಪರಿಹಾರ ಮೆಡಿಕಲ್ ಅಂಗಡಿಯಲ್ಲೇ ಇದೆ. ಸರ್ಜಿಕಲ್ ಸ್ಪಿರಿಟ್‌ನಲ್ಲಿ ಹತ್ತಿಯ ಕಡ್ಡಿ ಅದ್ದಿ ಒಂದೊಂದಕ್ಕೇ ಮುಟ್ಟಿಸಿ. ಮೇಣದ ಹೊದಿಕೆ ಕರಗಿ ಹುಳ ಸಾಯುತ್ತದೆ. ಒಂದು ಸಲಕ್ಕೆ ಬಿಡಬೇಡಿ, ಮೊಟ್ಟೆ ಉಳಿದಿರುತ್ತವೆ. ವಾರಕ್ಕೊಮ್ಮೆಯಂತೆ ಕೆಲವು ವಾರ ಮಾಡಿ. ಇವುಗಳಲ್ಲಿ ಮಣ್ಣಿನೊಳಗೆ ಬೇರಿಗೇ ಅಂಟಿ ಕೂರುವ ಜಾತಿಗಳೂ ಇವೆ. ಗಿಡ ಕಾರಣವಿಲ್ಲದೆ ಸೊರಗಿದರೆ ಬೇರಿನಲ್ಲಿ ಬಿಳಿ ಪುಡಿ ಇದೆಯೇ ನೋಡಿ.

ಆದರೆ ಸ್ಪಿರಿಟ್ ಹಚ್ಚುವ ಮುನ್ನ ಒಂದು ಕ್ಷಣ! ಆ ಬಿಳಿ ಉಣ್ಣೆಯ ಜೀವಿ ನಿಮ್ಮ ಸ್ನೇಹಿತನೂ ಆಗಿರಬಹುದು. ಕ್ರಿಪ್ಟೊಲೀಮಸ್ ಅನ್ನುವ ಗುಲಗಂಜಿ ಹುಳುವಿನ ಮರಿ ಥೇಟ್ ಹಿಟ್ಟು ತಿಗಣೆಯಂತೆಯೇ ಬಿಳಿ ಮೇಣ ಹೊದ್ದು, ತಿಗಣೆಗಳ ನಡುವೆಯೇ ಸೇರಿಕೊಂಡು ಅವನ್ನೇ ತಿನ್ನುತ್ತದೆ! ದೊಡ್ಡದಾಗಿದ್ದು ಚುರುಕಾಗಿ ಓಡಾಡಿದರೆ ಅದು ಇದೇ. ಆಸ್ಟ್ರೇಲಿಯಾ ಮೂಲದ ಈ ಹುಳುವನ್ನು ಭಾರತಕ್ಕೆ ತಂದದ್ದು 1898ರಲ್ಲಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಇದನ್ನು ಹಣ್ಣಿನ ತೋಟಗಳ ಹಿಟ್ಟು ತಿಗಣೆಯ ಮೇಲೆ ಬಳಸಿ ನೋಡಿದೆ. ನಿಮ್ಮ ಬಾಲ್ಕನಿಗೆ ತಾನಾಗಿ ಬಂದರೆ ಅದೃಷ್ಟ, ಓಡಿಸಬೇಡಿ!

ಲೋಳೆಸರದ ಎಲೆಯಲ್ಲೋ ಹೂದಂಡಿನಲ್ಲೋ ಹೂಕೋಸಿನಂಥ ಗಂಟು ಬೆಳೆದಿದೆಯೇ? ಬರಿಗಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ ಅದು. ನುಸಿ ಬಿಟ್ಟ ರಾಸಾಯನಿಕಕ್ಕೆ ಗಿಡದ ಬೆಳವಣಿಗೆಯೇ ದಾರಿ ತಪ್ಪುತ್ತದೆ. ಆ ಭಾಗವನ್ನು ಕತ್ತರಿಸಿ ಸುಟ್ಟುಬಿಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ!

ಪಾರದರ್ಶಕ ಎಲೆ ಅಂದರೆ ಕೊಳೆತ ಎಲೆ ಅಂದೆನಲ್ಲ? ಒಂದು ಗಿಡಕ್ಕೆ ಈ ಮಾತು ಹೊಂದುವುದಿಲ್ಲ. ಹಾವರ್ಥಿಯಾ ಕೂಪೆರಿಯ ಎಲೆ ತುದಿ ಆರೋಗ್ಯವಾಗಿದ್ದಾಗಲೇ ಗಾಜಿನಂತಿರುತ್ತದೆ. ದಕ್ಷಿಣ ಆಫ್ರಿಕಾದ ತವರಿನಲ್ಲಿ ಅದು ಮಣ್ಣಿನಲ್ಲಿ ಹುದುಗಿ ತುದಿಯನ್ನಷ್ಟೇ ಹೊರಗಿಡುತ್ತದೆ. ಆ ಕಿಟಕಿಯಿಂದ ಬೆಳಕು ಎಲೆಯ ಒಳಗಿಳಿಯುತ್ತದೆ!

ಅದೇ ನಾಡಿನ ಲಿಥಾಪ್ಸ್ ಇನ್ನೂ ಮೋಜಿನದು. ನೋಡಲು ಬೆಣಚುಕಲ್ಲು! 1811ರಲ್ಲಿ ವಿಲಿಯಂ ಬರ್ಚೆಲ್ ಎಂಬ ಅನ್ವೇಷಕ ಕಲ್ಲೆಂದೇ ಎತ್ತಿಕೊಂಡರೆ ಕೈಯಲ್ಲಿದ್ದದ್ದು ಗಿಡ. ಇದರ ಹೊಸ ಜೋಡಿ ಎಲೆ ಹಳೆಯ ಜೋಡಿಯ ನೀರನ್ನೇ ಕುಡಿದು ಬೆಳೆಯುತ್ತದೆ. ಆಗ ಹಳೆಯದು ಸುಕ್ಕುಗಟ್ಟಿ ಒಣಗಲೇಬೇಕು. ಕನಿಕರಪಟ್ಟು ನೀರು ಹಾಕಿದರೆ ಹಳೆಯ ಎಲೆ ಸಾಯದೆ ಉಳಿದು ಹೊಸದನ್ನು ಅಮುಕುತ್ತದೆ!

ಇನ್ನು ನಿಮ್ಮ ಮನೆಯ ಜೇಡ್ ಗಿಡದ ಎಲೆ ಉಗುರಿನಷ್ಟೇ ಚಿಕ್ಕದು, ಕಾಂಡ ಕೆಂಗಂದು ಬಣ್ಣದ್ದೇ? ಹಾಗಾದರೆ ಅದು ಜೇಡೇ ಅಲ್ಲದಿರಬಹುದು! ನಮ್ಮ ನರ್ಸರಿಗಳಲ್ಲಿ ಆ ಹೆಸರಿನಲ್ಲಿ ಹೆಚ್ಚಾಗಿ ಸಿಗುವುದು ಪೋರ್ಟುಲಕೇರಿಯಾ ಅನ್ನುವ ಬೇರೆ ಕುಟುಂಬದ ಗಿಡ. ದಕ್ಷಿಣ ಆಫ್ರಿಕಾದಲ್ಲಿ ಇದು ಆನೆಗಳ ಮೇವು. ಆನೆ ಮೇಲಿನಿಂದ ಮೇಯುತ್ತದೆ, ಕೆಳಗೆ ಬಿದ್ದ ರೆಂಬೆಗಳು ಅಲ್ಲೇ ಬೇರು ಬಿಡುತ್ತವೆ. ನೀವು ಅಳುಕುತ್ತಾ ಕತ್ತರಿ ಹಿಡಿಯುವ ಗಿಡ ಆನೆಯ ಬಾಯಿಗೇ ಒಗ್ಗಿದ್ದು!

ಉದುರಿದ ಎಲೆಯನ್ನೂ ಎಸೆಯಬೇಡಿ. ಬುಡ ಪೂರ್ತಿ ಬಂದಿರುವ ಎಚೆವೇರಿಯಾ ಎಲೆಯನ್ನು ಒಣ ಮಣ್ಣಿನ ಮೇಲೆ ಸುಮ್ಮನೆ ಮಲಗಿಸಿ. ಕೆಲವು ವಾರಗಳಲ್ಲಿ ಗುಲಾಬಿ ಬಣ್ಣದ ಎಳೆ ಬೇರು, ಅದರ ಪಕ್ಕದಲ್ಲೇ ಪುಟಾಣಿ ಗಿಡ! ಕಾಡುಬಸಳೆಗಂತೂ ಎಲೆಯ ಅಂಚಿನ ಕಚ್ಚುಗಳಲ್ಲೇ ಮರಿಗಳು. ಜರ್ಮನ್ ಕವಿ ಗಯಟೆಗೆ ಈ ಗಿಡವೆಂದರೆ ಎಷ್ಟು ಪ್ರೀತಿಯೆಂದರೆ ಇದನ್ನು ಸ್ನೇಹಿತರಿಗೆಲ್ಲ ಹಂಚುತ್ತಿದ್ದರು. ಇಂದಿಗೂ ಜರ್ಮನಿಯಲ್ಲಿ ಇದಕ್ಕೆ ಅವರದೇ ಹೆಸರು.

ಹಳದಿ ಅಂಚಿನ ಸ್ನೇಕ್ ಪ್ಲಾಂಟಿನ ಎಲೆ ಕೊಳೆಯತೊಡಗಿದರೆ ಚೆನ್ನಾಗಿರುವ ತುಂಡನ್ನು ಕತ್ತರಿಸಿ ನೆಡಬಹುದು. ಬೇರು ಬರುತ್ತದೆ, ಮರಿಯೂ ಬರುತ್ತದೆ. ಆದರೆ ಮರಿ ಅಚ್ಚ ಹಸಿರು, ಹಳದಿ ಅಂಚು ಮಾಯ! ಆ ಎಲೆಯಲ್ಲಿ ಎರಡು ಬಗೆಯ ಜೀವಕೋಶಗಳು ಅಕ್ಕಪಕ್ಕ ಬಾಳುತ್ತಿರುತ್ತವೆ. ತುಂಡಿನಿಂದ ಹೊಸ ಗಿಡ ಹುಟ್ಟುವಾಗ ಹಸಿರಿನವೇ ಮೇಲುಗೈ ಪಡೆಯುತ್ತವೆ. ಹಳದಿ ಅಂಚಿನ ಮರಿಯೇ ಬೇಕೆಂದರೆ ತುಂಡು ನೆಡಬೇಡಿ. ಕುಂಡದಿಂದ ಗಿಡ ಎತ್ತಿ, ಗಡ್ಡೆಯನ್ನೇ ಎರಡು ಭಾಗ ಮಾಡಿ ನೆಡಿ!