ನರಿತಾದ ಹಾವುಮೀನು: ಕೆಂಡದ ಮುಂದೆ ಕಲಿಯುವ ವಿದ್ಯೆ

ಜಪಾನಿಗೆ ಹೋಗಿಬಂದವರ ಬಾಯಲ್ಲಿ ನರಿತಾ ಎಂದರೆ ಟೋಕಿಯೊದ ವಿಮಾನ ನಿಲ್ದಾಣ. ಆ ನಿಲ್ದಾಣ ಶುರುವಾದದ್ದು 1978ರಲ್ಲಿ. ಆದರೆ ನರಿತಾ ಯಾತ್ರಾಸ್ಥಳವಾಗಿ ಸಾವಿರ ವರ್ಷ ಕಳೆದಿದೆ. ನಿಲ್ದಾಣದಿಂದ ರೈಲು ಹತ್ತಿದರೆ ಹತ್ತೇ ನಿಮಿಷಕ್ಕೆ ಹಳೆಯ ಪೇಟೆ ಸಿಗುತ್ತದೆ. ಅಲ್ಲಿಂದ ನರಿತಾಸಾನ್ ಶಿನ್‌ಶೋಜಿ ದೇವಾಲಯಕ್ಕೆ ಇಳಿಯುವ ಬೀದಿಯ ಹೆಸರು ಒಮೊತೆಸಾಂದೊ. ಸುಮಾರು 800 ಮೀಟರಿನ ಈ ದಾರಿಯುದ್ದಕ್ಕೂ ಮರದ ಮುಂಭಾಗದ ಹಳೆಯ ಅಂಗಡಿಗಳು, ನಡುನಡುವೆ ಕೆಂಡದ ಮೇಲೆ ಬೇಯುತ್ತಿರುವ ಉನಾಗಿಯ, ಅಂದರೆ ಹಾವುಮೀನಿನ, ಘಮ.

ದೇವಾಲಯ ಸ್ಥಾಪನೆಯಾದದ್ದು 940ರಲ್ಲಿ. ಇಲ್ಲಿನ ದೈವ ಫುದೋ ಮ್ಯೋಓ, ಭಾರತದ ವಜ್ರಯಾನ ಬೌದ್ಧರು ಪೂಜಿಸುತ್ತಿದ್ದ ಅಚಲನೇ. ನಿತ್ಯವೂ ನಡೆಯುವ ಅಗ್ನಿಕಾರ್ಯ ನಮ್ಮ ಹೋಮದ ವಂಶದ್ದು. ಎದೋ ಕಾಲದಲ್ಲಿ ಕಬುಕಿ ನಟ ಇಚಿಕಾವಾ ದಾಂಜೂರೊ ಈ ದೈವದ ಪರಮಭಕ್ತನಾಗಿದ್ದ. ಅವನ ಖ್ಯಾತಿಯೊಡನೆ ಕ್ಷೇತ್ರದ ಖ್ಯಾತಿಯೂ ಹಬ್ಬಿತು. ಎದೋ ನಗರದಿಂದ, ಅಂದರೆ ಇಂದಿನ ಟೋಕಿಯೊದಿಂದ, ಜನ ನಡೆದೇ ಬರುತ್ತಿದ್ದರು. ದಣಿದು ಬಂದವರಿಗೆ ಪುಷ್ಟಿಯ ಊಟ ಬೇಕಿತ್ತು. ತೋನೆ ನದಿಯಲ್ಲೂ ಇನ್ಬಾ ಜೌಗಿನಲ್ಲೂ ಹಾವುಮೀನು ಹೇರಳವಾಗಿತ್ತು. ಅದಕ್ಕೆ ಸವರುವ ‘ತಾರೆ’ ರಸಕ್ಕೆ ಬೇಕಾದ ಸೋಯಾ ಸಾಸ್ ನೋದಾ, ಚೋಶಿಗಳಲ್ಲಿ, ಸಿಹಿ ಮದ್ಯ ಮಿರಿನ್ ನಾಗರೆಯಾಮಾದಲ್ಲಿ ತಯಾರಾಗುತ್ತಿತ್ತು. ಮೂರೂ ನರಿತಾ ಇರುವ ಚಿಬಾ ಸೀಮೆಯ ಊರುಗಳೇ.

ಬೀದಿಯ ಹೆಸರಾಂತ ಅಂಗಡಿ ಕಾವಾತೊಯೊ, 1910ರಲ್ಲಿ ಆರಂಭವಾದದ್ದು. ಇಲ್ಲಿ ಅಡುಗೆ ಶುರುವಾಗುವುದೇ ಬೀದಿಯ ಎದುರಿಗೆ. ಕುಶಲಕರ್ಮಿ ಜೀವಂತ ಹಾವುಮೀನಿನ ತಲೆಯನ್ನು ಮೊಳೆಯಿಂದ ಹಲಗೆಗೆ ನಾಟಿ, ಬೆನ್ನಿನ ಉದ್ದಕ್ಕೂ ಸೀಳಿ, ಮೂಳೆ ಬಿಡಿಸುತ್ತಾನೆ. ಕೈ ನಿಧಾನಿಸಿದರೆ ಜಾರುವ ಮೀನು ಅದು. ನೋಡುತ್ತ ನಿಂತವರ ಕಣ್ಣಿಗೆ ಎಲ್ಲವೂ ಕ್ಷಣದಲ್ಲಿ ಮುಗಿಯುತ್ತದೆ. ಒಸಾಕಾ ಕಡೆಯವರು ಹೊಟ್ಟೆ ಸೀಳುತ್ತಾರೆ. ಎದೋ ಸಮುರಾಯ್‌ಗಳ ನಗರವಾದ್ದರಿಂದ, ಹೊಟ್ಟೆ ಸೀಳಿಕೊಳ್ಳುವ ಆತ್ಮಾಹುತಿಯನ್ನು ನೆನಪಿಸುವ ಕ್ರಮ ಇಲ್ಲಿ ಬೇಡವಾಯಿತೆಂದು ಪ್ರತೀತಿ.

ಆಮೇಲೆ ಬಿದಿರ ಕಡ್ಡಿ ಪೋಣಿಸುವುದು. ಸುಡುವಾಗ ಮಾಂಸ ಮುದುಡಬಾರದು, ಮೆತ್ತಗಾದ ಮೇಲೆ ಮುರಿದು ಬೀಳಲೂಬಾರದು; ಕಡ್ಡಿ ಹಾಯುವ ಜಾಗ ಅದನ್ನು ನಿರ್ಧರಿಸುತ್ತದೆ. ಮೊದಲು ಏನೂ ಸವರದೆ ಸುಡುತ್ತಾರೆ. ಬಳಿಕ ಹಬೆಯಲ್ಲಿ ಬೇಯಿಸಿ ಹೆಚ್ಚಿನ ಕೊಬ್ಬನ್ನು ಇಳಿಸುತ್ತಾರೆ. ಇದು ಪೂರ್ವ ಜಪಾನಿನ ಪದ್ಧತಿ. ಕೊನೆಗೆ ತಾರೆಯಲ್ಲಿ ಅದ್ದಿ ಮತ್ತೆ ಕೆಂಡಕ್ಕೆ. ಅದ್ದುವುದು, ಸುಡುವುದು, ಮತ್ತೆ ಅದ್ದುವುದು. ಬೀಸಣಿಗೆಯ ಗಾಳಿಗೆ ಕೆಂಡ ಕೆರಳುತ್ತದೆ, ತೊಟ್ಟಿಕ್ಕಿದ ಕೊಬ್ಬು ಹೊಗೆಯಾಗಿ ಮೀನನ್ನೇ ಸುತ್ತುತ್ತದೆ. ಕಡ್ಡಿ ಪೋಣಿಸಲು ಮೂರು ವರ್ಷ, ಸೀಳಲು ಎಂಟು ವರ್ಷ, ಸುಡಲು ಇಡೀ ಜೀವಮಾನ ಎಂಬುದು ಈ ಕಸುಬಿನವರ ಮಾತು. ಅದು ಉತ್ಪ್ರೇಕ್ಷೆಯಲ್ಲ. ಪ್ರತಿ ಮೀನಿನ ಕೊಬ್ಬು ಬೇರೆ, ಕೆಂಡದ ಕಾವು ಗಳಿಗೆಗೊಂದು ಬಗೆ. ಯಾವ ಅಳತೆಯೂ ಕೈಯ ಅಂದಾಜಿಗೆ ಸಮನಾಗದು.

ಅರಗಿನ ಪೆಟ್ಟಿಗೆಯಲ್ಲಿ ಬಿಸಿ ಅನ್ನ, ಅದರ ಮೇಲೆ ಹೊಳೆಯುವ ಕಂದು ಮೀನು: ಇದೇ ‘ಉನಾಜೂ’. ಜೊತೆಗೆ ಹಾವುಮೀನಿನ ಪಿತ್ತಜನಕಾಂಗದ ತಿಳಿಸಾರು. ಮೇಲೆ ಉದುರಿಸುವ ಸಾನ್ಶೊ ಪುಡಿಯ ಚುರುಕು ನಮ್ಮ ಕರಾವಳಿಯವರಿಗೆ ಹೊಸದೆನಿಸದು. ಬಂಗುಡೆ ಸಾರಿಗೆ ಬೀಳುವ ತೆಪ್ಪಲ್, ಅಂದರೆ ಜುಮ್ಮನಕಾಯಿ, ಅದೇ ಸಸ್ಯಕುಲದ್ದು. ಚಾಪ್‌ಸ್ಟಿಕ್ ಒತ್ತಿದರೆ ಸಾಕು, ಮಾಂಸ ಬಿಡಿಸಿಕೊಳ್ಳುತ್ತದೆ.

ಇಷ್ಟೆಲ್ಲ ವಿದ್ಯೆ ನಿಂತಿರುವ ಮೀನೇ ಈಗ ಅಪಾಯದಲ್ಲಿದೆ. ಜಪಾನಿನ ಹಾವುಮೀನು ಮೊಟ್ಟೆಯಿಡುವುದು ದೂರದ ಮರಿಯಾನಾ ದ್ವೀಪಗಳ ಪಶ್ಚಿಮದ ಕಡಲಲ್ಲಿ. ಅಲ್ಲಿ ಅದರ ಮೊಟ್ಟೆ ವಿಜ್ಞಾನಿಗಳ ಕೈಗೆ ಸಿಕ್ಕಿದ್ದೇ 2009ರಲ್ಲಿ. ಸಾಕಣೆ ಕೊಳಗಳಿಗೂ ಕಡಲಿನಿಂದ ತೇಲಿಬಂದ ಗಾಜಿನಂಥ ಮರಿಗಳನ್ನೇ ಹಿಡಿದು ತರಬೇಕು. 2010ರಲ್ಲಿ ಪ್ರಯೋಗಾಲಯದಲ್ಲಿ ಪೂರ್ಣ ಜೀವನಚಕ್ರ ಸಾಧಿಸಿದರೂ ಊಟದ ತಟ್ಟೆಯ ಬೇಡಿಕೆಯನ್ನು ಈಗಲೂ ಪೂರೈಸುತ್ತಿರುವುದು ಕಡಲ ಮರಿಗಳೇ. 2014ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಈ ಪ್ರಭೇದವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಹಾಗಾಗಿ ಇಲ್ಲಿನ ಉನಾಜೂ ದುಬಾರಿಯಾಗಿರುವುದು ನ್ಯಾಯವೇ. ಅಗ್ಗದ ಡಬ್ಬಿಯೂಟವಾಗಿ ದಿನವೂ ಕರಗಿಹೋಗುವ ಬದಲು, ಈ ಮೀನು ಬಲ್ಲವರ ಕೈಯಲ್ಲಿ ಅಪರೂಪದ ಊಟವಾಗಿ ಉಳಿಯಲಿ. ಮೀನೂ ಕಸುಬೂ ಒಟ್ಟಿಗೆ ಬದುಕಲು ಅದೊಂದೇ ದಾರಿ. ಹೋಗುವವರು ಬೇಸಿಗೆಯ ಹಾವುಮೀನು ಹಬ್ಬದ ನೂಕುನುಗ್ಗಲು ಬಿಟ್ಟು ಬೇರೆ ತಿಂಗಳು ಆರಿಸಿಕೊಳ್ಳಿ. ಮುಂಜಾನೆ ದೇವಾಲಯ ನೋಡಿ, 1712ರ ಮೂರಂತಸ್ತಿನ ಪಗೋಡ ಸುತ್ತಿ, ಮಧ್ಯಾಹ್ನದ ಸಾಲು ಬೆಳೆಯುವ ಮೊದಲೇ ಅಂಗಡಿ ಸೇರಿ. ಮೀನು ಸೀಳುವವರನ್ನು ಸಾವಧಾನವಾಗಿ ನೋಡಿದ ಮೇಲೆಯೇ ಊಟಕ್ಕೆ ಕೂರಿ.